ಪಾಟಿಯ ಮೇಲೆ ಬರೆದ ಮಾತು

ಹೈದರಾಬಾದಿನ ಆಸ್ಪತ್ರೆಯಲ್ಲಿ ಎಚ್ಚರವಾದಾಗ ನರ್ಸ್ ನನ್ನ ಕೈಗೆ ಒಂದು ಸಣ್ಣ ಬಿಳಿ ಹಲಗೆ, ಒಂದು ಪೆನ್ನು ಕೊಟ್ಟಳು. ಗಂಟಲಲ್ಲಿ ಎದ್ದಿದ್ದ ಕ್ಯಾನ್ಸರ್ ಗಂಟನ್ನು ಬಾಯೊಳಗಿನಿಂದಲೇ ಲೇಸರ್ ಹಾಯಿಸಿ ತೆಗೆದಿದ್ದರು. ಕುತ್ತಿಗೆಯ ಮೇಲೆ ಒಂದು ಗೀರೂ ಇರಲಿಲ್ಲ. ಒಂದು ವಾರ ಮಾತಾಡಬಾರದು, ಏನಾದರೂ ಬೇಕಾದರೆ ಇದರ ಮೇಲೆ ಬರೆಯಿರಿ ಎಂದಳು. ಹಲಗೆಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದೆ. ಶಹಾಬಾದದ ಕಾಕಾ ನೆನಪಾಗಿದ್ದರು.

ಎಪ್ಪತ್ತರ ದಶಕದ ಮಾತು. ಅಲ್ಲಿನ ಪ್ರಾಥಮಿಕ ಶಾಲೆಗೆ ನಾನು ಹೊಸದಾಗಿ ಶಿಕ್ಷಕಿಯಾಗಿ ಸೇರಿದ್ದೆ, ಊರಿಗೆಲ್ಲ ಅಕ್ಕೋರು. ನನ್ನ ಬಾಡಿಗೆ ಕೋಣೆಗೂ ಕಾಕಾನ ಮನೆಗೂ ನಡುವೆ ಒಂದೇ ಗೋಡೆ. ಕಾಕಾ ಸುಣ್ಣಕಲ್ಲಿನ ಖಣಿಯಲ್ಲಿದ್ದರು. ಮದ್ದು ಹಾರಿಸುವ ಮೊದಲು ಕೆಂಪು ಬಾವುಟ ಹಿಡಿದು, ಕೂಗಿ, ಜನರನ್ನು ಸರಿಸುವುದು ಅವರ ಕೆಲಸ. "ದೂರ ಸರೀರ್ಯೋ!" ಎಂಬ ಆ ಕೂಗು ಶಾಲೆಯ ಅಂಗಳದವರೆಗೆ ಬರುತ್ತಿತ್ತು, ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಮನೆಗೆ ಬಂದ ಮೇಲೂ ಆ ಧ್ವನಿ ತಗ್ಗುತ್ತಿರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ಕಾಕಿಯೊಂದಿಗೆ ಹರಟೆ, ಜಗಳ, ನಗು, ಎಲ್ಲವೂ ಗೋಡೆ ದಾಟಿ ನನಗೆ ಕೇಳುತ್ತಿತ್ತು.

ಬರಬರುತ್ತ ಆ ಧ್ವನಿ ಒಡೆಯಿತು. ಕೂಗಿ ಕೂಗಿ ಗಂಟಲು ಕಟ್ಟಿದೆ ಎಂದುಕೊಂಡೆವು. ನಾನೇ ಎಷ್ಟೋ ಸಲ ಕಲ್ಲುಸಕ್ಕರೆ ಕೊಟ್ಟಿದ್ದೇನೆ... ರೊಟ್ಟಿ ನುಂಗಲಾರದಂತಾದಾಗ ಹೈದರಾಬಾದಿಗೆ ಹೊರಟರು. ಕಾಗದಪತ್ರ ಓದಲು ಒಬ್ಬರು ಬೇಕೆಂದು ಕಾಕಿ ನನ್ನನ್ನೂ ಕರೆದುಕೊಂಡರು. ಕ್ಯಾನ್ಸರ್ ಆಗಿದೆ, ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು, ಕುತ್ತಿಗೆಯಲ್ಲಿ ಮಾಡುವ ತೂತಿನಿಂದ ಉಸಿರಾಡಬೇಕು, ಮತ್ತೆ ಮಾತು ಬರುವುದಿಲ್ಲ ಎಂದರು ಡಾಕ್ಟರು.

ಕಾಕಾ ಒಪ್ಪಲಿಲ್ಲ. "ಆವಾಜೇ ಹೋದ್ರ ನಾ ಏನ್ ಉಳದಂಗ್ರಿ, ಅಕ್ಕೋರ? ಊರಿಗಿ ನಡೀರಿ."

ಕಾಕಿ ನನ್ನ ಕೈ ಹಿಡಿದು ಅತ್ತರು. "ನಿಮ್ಮ ಮಾತ ಕೇಳ್ತಾರ. ನೀವರೆ ಹೇಳ್ರಿ."

ಆಗ ನನಗೆ ಇಪ್ಪತ್ತನಾಲ್ಕು. ಅಕ್ಷರದ ಮೇಲೆ ಎಂಥ ಭರವಸೆ! "ನಾ ನಿಮಗ ಬರೀಲಿಕ್ಕಿ ಕಲಸ್ತೀನಿ ಕಾಕಾ. ಪಾಟಿ ಮ್ಯಾಲ ಬರದು ಮಾತಾಡ್ರಿ," ಎಂದೆ. ಅವರು ಕಾಕಿಯ ಮುಖ ನೋಡಿದರು. ಆಮೇಲೆ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರು.

ಕಲಿತರು ಕಾಕಾ. ಅವರ ಬೆರಳಿಗೆ ಸಿಕ್ಕು ಬಳಪ ಮುರಿಯುತ್ತಿತ್ತು. ಒತ್ತಕ್ಷರ ತಪ್ಪಿದರೂ ನಾಲ್ಕೈದು ತಿಂಗಳಲ್ಲಿ ಬರೆಯುವಷ್ಟಾದರು. ಆದರೆ ಕಾಕಿಗೆ ಓದು ಬಾರದು ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ಕಲಿಸಲು ಕೂತರೆ "ನನ್ನ ತಲಿಗಿ ಹತ್ತಂಗಿಲ್ರಿ" ಎಂದು ಎದ್ದುಬಿಡುತ್ತಿದ್ದರು. ಕಾಕಾ ಬರೆದದ್ದನ್ನೆಲ್ಲ ಕಾಕಿ ನನ್ನ ಬಾಗಿಲಿಗೆ ತರುತ್ತಿದ್ದರು. ನೀರು ಬೇಕು. ಉಪ್ಪು ಜಾಸ್ತಿ. ಗಂಡ ಹೆಂಡತಿಯ ಸಿಟ್ಟಿನ ಮಾತನ್ನೂ ನಾನೇ ಓದಬೇಕು. ಕಾಕಾ ಬರೆಯುವುದು ಕಡಿಮೆಯಾಯಿತು. ಖಣಿಯಿಂದ ಈಗ ಬೇರೊಬ್ಬನ ಕೂಗು ಬರುತ್ತಿತ್ತು. ಅದು ಕೇಳಿದ ಕೂಡಲೇ ಅವರು ಅಂಗಳದಿಂದ ಎದ್ದು ಒಳಗೆ ಹೋಗುತ್ತಿದ್ದರು.

ಕುತ್ತಿಗೆಯ ಪಕ್ಕದಲ್ಲಿ ಮತ್ತೆ ಗಂಟು ಎದ್ದಿತು. ಆ ದಿನಗಳಲ್ಲೇ ಒಂದು ಮಧ್ಯಾಹ್ನ ಕಾಕಿ ಪಾಟಿ ತಂದರು. "ನನಗ ಯಾಕ ಉಳಸಿದರಿ" ಎಂದಷ್ಟೇ ಇತ್ತು.

"ಏನ್ ಬರದಾರ್ರಿ?"

ಅದು ನನಗೇ ಬರೆದದ್ದೆಂದು ಗೊತ್ತಾಯಿತು. ಕಾಕಿಯ ಮುಖ ನೋಡಿ ಅದನ್ನು ಓದಲಾರದೆ ಹೋದೆ. "ನುಚ್ಚು ಭಾಳ ಛಲೋ ಮಾಡ್ತಾಳ ಅಂತ ಬರದಾರ," ಎಂದೆ.

ಎಷ್ಟೋ ತಿಂಗಳ ಮೇಲೆ ಕಾಕಿ ನಕ್ಕರು. ಓಡಿದಂತೆ ಮನೆಗೆ ಹೋದರು. "ಬಾಯಿ ಇದ್ದಾಗ ಒಂದಿನಾ ಅನ್ನಲಿಲ್ಲ, ಈಗರೆ ಬರದ್ರಲ್ಲ!" ಎಂದದ್ದು ಗೋಡೆಯ ಈಚೆ ನನಗೆ ಕೇಳಿಸಿತು.

ಮರುದಿನ ಹೋದಾಗ ಕಾಕಾ ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ಪಾಟಿಯನ್ನು ಅಂಗೈಯಿಂದ ಒರೆಸಿ ನನ್ನ ಕೈಗೇ ಕೊಟ್ಟುಬಿಟ್ಟರು. ನಾನು ಎರಡು ಸಲ ತಿರುಗಿ ಒಯ್ದು ಕೊಟ್ಟೆ, ಮುಟ್ಟಲಿಲ್ಲ. ಇನ್ನೂ ಎರಡು ತಿಂಗಳು ಬದುಕಿದ್ದರು. ಆ ಎರಡು ತಿಂಗಳು ನೋವು ಎಂದಾಗಲಿ, ಸಾಕು ಎಂದಾಗಲಿ ಯಾರಿಗೂ ಹೇಳಲಿಲ್ಲ. ಹೇಳಲು ಅವರಿಗಿದ್ದದ್ದು ನಾನೊಬ್ಬಳೇ. ನಾನು ಸುಳ್ಳು ಓದುವವಳು ಎಂದು ಅವರಿಗೆ ತಿಳಿದಿತ್ತು.

ಕಾಕಿ ಚಿತ್ತಾಪುರಕ್ಕೆ, ತಮ್ಮನ ಮನೆಗೆ ಹೋದರು. ಕಂಡಾಗಲೆಲ್ಲ ಮನೆಯವರನ್ನೆಲ್ಲ ಕರೆದು ಕೂರಿಸುತ್ತಿದ್ದರು. "ಕಡೀಗಿ ಏನ್ ಬರದಿದ್ರು, ಇನ್ನೊಮ್ಮಿ ಹೇಳ್ರಿ ಅಕ್ಕೋರ." ನಾನು ಹೇಳುತ್ತಿದ್ದೆ. ಪ್ರತಿ ಸಲವೂ ಹೇಳಿದೆ. ಹಾಗೆಯೇ ನಂಬಿಕೊಂಡು ಅವರೂ ತೀರಿಹೋದರು.

ಆಸ್ಪತ್ರೆಯಲ್ಲಿ ನನ್ನ ಆ ಒಂದು ವಾರ ಕಳೆದ ಮೇಲೆ ಡಾಕ್ಟರು ಮಾತಾಡಿ ನೋಡಿ ಎಂದರು. ಧ್ವನಿ ತುಸು ಒರಟಾಗಿದೆ, ಆದರೂ ನನ್ನದೇ. ಪುಣ್ಯವಂತೆ ಎನ್ನುತ್ತಾರೆ ಮನೆಯವರು. ಕಾಕಾನ ಎದುರು ಕೂತು, ನೀವು ಬರೆದದ್ದನ್ನು ನಾನು ಓದಲಿಲ್ಲ, ತಪ್ಪಾಯಿತು ಎನ್ನಬೇಕೆನಿಸುತ್ತದೆ. ಒಮ್ಮೊಮ್ಮೆ ಒಬ್ಬಳೇ ಇದ್ದಾಗ ಆ ಮಾತನ್ನು ಗಟ್ಟಿಯಾಗಿ ಹೇಳಿಯೂ ನೋಡುತ್ತೇನೆ. ಖಾಲಿ ಕೋಣೆಯಲ್ಲಿ ಅದನ್ನು ಕೇಳುವವಳು ನಾನೊಬ್ಬಳೇ.