ಶಿವಪ್ಪನಿಗೆ ಕೊಡದ ಬನ್ನಿ

ಮೊಳದುದ್ದದ ಪಾನಾ (ಸ್ಪ್ಯಾನರ್ ಅನ್ನುತ್ತೀರಲ್ಲ, ಅದೇ) ಹಿಡಿದುಕೊಂಡು ಒಬ್ಬ ಮನುಷ್ಯ ನಿಮ್ಮ ಕಡೆಗೇ ನಡೆದು ಬಂದರೆ ಏನು ಮಾಡುತ್ತೀರಿ?

ನಾನು ಹಿಂದೆ ಸರಿದೆ. ಎಷ್ಟು ಸರಿದೆನೆಂದರೆ ಹಿಂದಿದ್ದ ಪ್ಲಾಸ್ಟಿಕ್ ಕುರ್ಚಿ ಬಿತ್ತು, ಅದರ ಮೇಲಿದ್ದ ಚಹಾದ ಗ್ಲಾಸು ಒಡೆಯಿತು. ಐವತ್ತೆಂಟು ವರ್ಷದ ಗಂಡಸು, ಪ್ರತಿ ವಾರ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವವನು, ಹಾಡುಹಗಲೇ ಗೋಡೆಗೆ ಅಂಟಿಕೊಂಡು ನಿಂತೆ.

ಇದು ನಡೆದದ್ದು ದಸರೆಯ ಮರುದಿನ, ಧಾರವಾಡದ ನಮ್ಮ ಮಾಳಮಡ್ಡಿಯಲ್ಲಿ. ಸ್ಕೂಟರಿನ ಬ್ರೇಕ್ ತೋರಿಸಲು ಮೌಲಾಸಾಬನ ಗ್ಯಾರೇಜಿಗೆ ಹೋಗಿದ್ದೆ. ನಮ್ಮ ಕಡೆ ಬನ್ನಿ ಕೊಡುವುದು ಹಬ್ಬದ ಒಂದೇ ದಿನಕ್ಕೆ ಮುಗಿಯುವುದಿಲ್ಲ, ಗೊತ್ತಲ್ಲ? ನಾಲ್ಕೈದು ದಿನ ಅಂಗಿಯ ಜೇಬಿನಲ್ಲಿ ಬನ್ನಿ ಮರದ ಎಲೆ ಇಟ್ಟುಕೊಂಡೇ ತಿರುಗುತ್ತೇವೆ. ಸಿಕ್ಕವರ ಕೈಗೆ ಎರಡು ಎಲೆ ಇಟ್ಟು "ಬಂಗಾರದ್ಹಂಗ ಇರೂಣು" ಅನ್ನುವುದು. ಹಳೆಯ ಜಗಳವಿದ್ದರೂ ಆಗ ಮರೆತುಬಿಡಬೇಕು. ಅದಕ್ಕೇ ಇರುವ ಪದ್ಧತಿ ಅದು.

ಮೌಲಾಸಾಬನಿಗೆ ಕೊಟ್ಟೆ. ಅಪ್ಪಿಕೊಂಡ. ಬೈಕ್ ರಿಪೇರಿಗೆ ಬಂದು ಕೂತಿದ್ದ ಇಬ್ಬರು ಅಪರಿಚಿತರಿಗೂ ಕೊಟ್ಟೆ. ಮೂಲೆಯಲ್ಲಿ ಎಂಜಿನ್ ಬಿಚ್ಚುತ್ತ ಕೂತಿದ್ದ ಶಿವಪ್ಪನನ್ನು ನೋಡಿದೆ. ಅವನೂ ನನ್ನನ್ನು ನೋಡಿದ. ನಾನು ಸ್ಕೂಟರಿನ ಕಡೆ ತಿರುಗಿದೆ.

ಶಿವಪ್ಪ ಅಮ್ಮಿನಬಾವಿಯವನು. ವಯಸ್ಸು ನಲವತ್ತರ ಆಚೀಚೆ. ಏಳು ವರ್ಷ ಜೈಲಿನಲ್ಲಿದ್ದು ಎರಡು ತಿಂಗಳ ಹಿಂದಷ್ಟೇ ಹೊರಗೆ ಬಂದವನು. ಕೆಲಸಕ್ಕೆ ಇಟ್ಟುಕೊಂಡಾಗ ಮೌಲಾಸಾಬ ನನ್ನಿಂದ ಏನನ್ನೂ ಮುಚ್ಚಿಡಲಿಲ್ಲ. "ಒಂದು ಜೀವ ಹೋಗೇತ್ರಿ ಅವನ ಕೈಯಾಗ. ಆದ್ರ ಈಗಿನ ಶಿವಪ್ಪ ಬ್ಯಾರೆ ಅದಾನ" ಎಂದಿದ್ದ. ನಾನು ಮೌಲಾಸಾಬನ ಬೆನ್ನು ತಟ್ಟಿದ್ದೆ. (ಇಂಥವರಿಗೆ ಸಮಾಜ ಇನ್ನೊಂದು ಅವಕಾಶ ಕೊಡಬೇಕು ಅಂತ ಇದೇ ಅಂಕಣದಲ್ಲಿ ಬರೆದೂ ಇದ್ದೆ. ನಿಮ್ಮಲ್ಲಿ ಕೆಲವರು ಫೋನ್ ಮಾಡಿ ಹೊಗಳಿದಿರಿ. ನಾನು ಉಬ್ಬಿಹೋಗಿದ್ದೆ.)

ಆ ಶಿವಪ್ಪನೇ ಈಗ ಎದ್ದು ಬಂದಿದ್ದ. ಗ್ಲಾಸು ಒಡೆದ ಸದ್ದಿಗೆ ಗಕ್ಕನೆ ನಿಂತ. ತನ್ನ ಕೈ ನೋಡಿಕೊಂಡ. ಪಾನಾವನ್ನು ನೆಲಕ್ಕಿಟ್ಟ.

"ಹೆದರಬ್ಯಾಡ್ರಿ ಸರ. ಒಂದ ಮಾತು ಕೇಳೂದೈತಿ. ನೀವು ಎಲ್ಲಾರಿಗೂ ಬನ್ನಿ ಕೊಟ್ರಿ, ನನಗ ಕೊಡಲಿಲ್ಲ. ಇದು ನಾ ಕಂಡದ್ದು. ಇಂವ ಜೈಲಿಗೆ ಹೋಗಿ ಬಂದಾಂವ, ಇಂವಗ ಯಾಕ ಕೊಡಬೇಕು ಅಂತ ಬಿಟ್ರಿ. ಇದು ನಾ ಅನಕೊಂಡದ್ದು. ಅನಕೊಂಡದ್ದು ಖರೇನೋ ಸುಳ್ಳೋ, ಹೇಳ್ರಿ."

ಇಂಥ ಪ್ರಶ್ನೆಯನ್ನು ಜನ್ಮದಲ್ಲಿ ಯಾರೂ ನನಗೆ ಕೇಳಿರಲಿಲ್ಲ. ನಿಮಗೆ ಕೇಳಿದ್ದಾರೆಯೇ?

"ಏ, ಹಂಗೇನಿಲ್ಲಪಾ," ಎಂದೆ. "ನಿನ್ನ ಕೈತುಂಬ ಗ್ರೀಸ್ ಇತ್ತಲ್ಲ. ಆಮ್ಯಾಲೆ ಕೊಟ್ಟರಾತು ಅಂತ ಬಿಟ್ಟೆ."

ಅವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಓಡಿಹೋಗಿ ಸೋಪಿನ ಪುಡಿ ಹಚ್ಚಿ ಮೊಳಕೈವರೆಗೆ ತೊಳೆದುಕೊಂಡು ಬಂದ. ಎರಡೂ ಕೈ ಚಾಚಿ ಬನ್ನಿ ತೆಗೆದುಕೊಂಡು ನನ್ನ ಕಾಲು ಮುಟ್ಟಿದ.

"ನೋಡ್ರಿ, ಮತ್ತ ನಂದ ತಪ್ಪಾತು," ಎಂದು ನಕ್ಕ.

ಜೈಲಿಗೆ ವಾರಕ್ಕೊಮ್ಮೆ ಒಬ್ಬರು ಅಕ್ಕೋರು ಪಾಠ ಹೇಳಲು ಬರುತ್ತಿದ್ದರಂತೆ. ಸಿಟ್ಟು ಬಂದಾಗ ಕಂಡದ್ದು ಯಾವುದು, ಅಂದುಕೊಂಡದ್ದು ಯಾವುದು ಅಂತ ಬೇರೆ ಮಾಡು. ಕೈ ಎತ್ತುವ ಮೊದಲು ಬಾಯಿಬಿಟ್ಟು ಕೇಳು. ಇಷ್ಟೇ ಪಾಠ. ಇದನ್ನು ಕಲಿಯಲು ಅವನಿಗೆ ನಾಲ್ಕು ವರ್ಷ ಬೇಕಾಯಿತಂತೆ.

"ಇದು ಮೊದಲ ಗೊತ್ತಿದ್ರ ನಮ್ಮ ಈರಣ್ಣ ಇವತ್ತ ಇರತಿದ್ದ," ಎಂದ.

ಈರಣ್ಣ ಅವನ ಕಾಕಾನ (ಚಿಕ್ಕಪ್ಪನ) ಮಗ. ಮನೆಯ ಮದುವೆ, ಊಟದ ಪಂಕ್ತಿ. ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ ಈರಣ್ಣ ಶಿವಪ್ಪನ ಎಲೆ ಬಿಟ್ಟು ಮುಂದೆ ಹೋದ. ನಾಲ್ಕು ಮಂದಿಯ ಎದುರು ಬೇಕಂತಲೇ ಅವಮಾನ ಮಾಡಿದ ಎಂದು ಶಿವಪ್ಪ ಎದ್ದವನೇ ಅವನನ್ನು ಹಿಡಿದು ನೂಕಿದ. ಈರಣ್ಣನ ತಲೆ ಕಲ್ಲಿನ ಕಟ್ಟೆಗೆ ಬಡಿಯಿತು. ಮತ್ತೆ ಏಳಲಿಲ್ಲ.

"ಕೆಳಗ ಬಿದ್ದ ತಂಬಿಗಿ ನೋಡಿದ್ನಿರಿ. ಅದರಾಗ ತುಪ್ಪಾನ ಇರಲಿಲ್ಲ. ತುಂಬಿಸ್ಕೊಂಡು ಬರಾಕ ಒಳಗ ಹೊಂಟಿದ್ದ."

ಖಾಲಿ ತಂಬಿಗೆಗಾಗಿ ಒಂದು ಜೀವ ಹೋಯಿತೇ? ಆದರೆ ನಾವು ಎಷ್ಟು ಸಲ ಹೀಗೆ ಅಂದುಕೊಂಡಿಲ್ಲ, ಹೇಳಿ. ಲಗ್ನಪತ್ರಿಕೆಯಲ್ಲಿ ಹೆಸರು ಬಿಟ್ಟರು. ವಾಟ್ಸಾಪ್ ಓದಿಯೂ ಉತ್ತರ ಕೊಡಲಿಲ್ಲ. ರಸ್ತೆಯಲ್ಲಿ ಕಂಡರೂ ಮಾತಾಡಿಸಲಿಲ್ಲ. ನಮ್ಮ ಸಿಟ್ಟಿಗೆ ಹತ್ತಿರದಲ್ಲೊಂದು ಕಲ್ಲಿನ ಕಟ್ಟೆ ಇರಲಿಲ್ಲ, ಅಷ್ಟೇ.

"ನೀವು ಖರೇ ಹೇಳಿದ್ದು ಭಾಳ ಛಲೋ ಆತು ಸರ," ಶಿವಪ್ಪ ಹೇಳುತ್ತಲೇ ಇದ್ದ. "ನಾಳಿಗೆ ಕಾಕಾಗ ಬನ್ನಿ ಕೊಡಾಕ ಊರಿಗೆ ಹೊಕ್ಕೇನಿ. ಈರಣ್ಣ ಹ್ವಾದಮ್ಯಾಲೆ ಕಾಕಾ ನನ್ನ ಮಾರಿ ಸೈತ ನೋಡೂದಿಲ್ಲ ಅಂತ ಅನಕೊಂಡ ಕುಂತಿದ್ದೆ. ಅದೂ ಸುಳ್ಳ ಇರಬೇಕು."

ನನಗೆ ನಿಜವಾಗಿ ಸಿಡಿಲು ಬಡಿದಂತಾದದ್ದು ಆಗ. ನನ್ನ ಒಂದು ಸುಳ್ಳನ್ನು ನಂಬಿ ಈ ಮನುಷ್ಯ ಮಗನನ್ನು ಕಳೆದುಕೊಂಡವರ ಮನೆ ಬಾಗಿಲಿಗೆ ಹೊರಟಿದ್ದಾನೆ! ಅವರು ಮುಖಕ್ಕೆ ಬಾಗಿಲು ಹಾಕಿದರೆ? ಅಷ್ಟು ಕಷ್ಟಪಟ್ಟು ಕಲಿತ ಪಾಠ ಅಲ್ಲೇ ಮುರಿದು ಬಿದ್ದರೆ? ಮತ್ತೆ ಹಳೆಯ ಶಿವಪ್ಪ ಎದ್ದು ಕೂತರೆ?

"ಶಿವಪ್ಪಾ, ನಾ ಸುಳ್ಳು ಹೇಳಿದೆ. ನೀ ಅನಕೊಂಡದ್ದ ಖರೇ ಇತ್ತು."

ಮೌಲಾಸಾಬ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಂತ. ಶಿವಪ್ಪ ಎಲೆಗಳನ್ನು ನೋಡಿದ, ನನ್ನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿಗಿಂತ ಗೊಂದಲವೇ ಹೆಚ್ಚಿತ್ತು.

"ಸುಳ್ಳಿದ್ರ ಏನ ಮಾಡಬೇಕು ಗೊತ್ತೈತ್ರಿ. ಖರೇ ಇದ್ರ ಏನ ಮಾಡಬೇಕು ಅಂತ ಅಕ್ಕೋರು ಹೇಳೇ ಇಲ್ಲಲ್ರಿ?"

ನಾನು ಬಗ್ಗಿ ಒಡೆದ ಗ್ಲಾಸಿನ ಚೂರು ಆರಿಸತೊಡಗಿದೆ. (ಎಲ್ಲದಕ್ಕೂ ಉತ್ತರ ಗೊತ್ತಿರುವ ಅಂಕಣಕಾರ!) ಅವನು ಎಲೆಗಳನ್ನು ಜೇಬಿಗೆ ಹಾಕಿಕೊಂಡು ನನ್ನ ಸ್ಕೂಟರಿನ ಬ್ರೇಕ್ ಬಿಚ್ಚತೊಡಗಿದ.

ಎರಡು ದಿನ ಬಿಟ್ಟು ಮತ್ತೆ ಗ್ಯಾರೇಜಿಗೆ ಹೋದೆ. ಶಿವಪ್ಪ ಊರಿಗೆ ಹೋಗಿ ಬಂದಿದ್ದ. ಕಾಕಾ ಅವನನ್ನು ನೋಡಿದ ಕೂಡಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರಂತೆ. ಇವನು ಬನ್ನಿಯನ್ನು ಹೊಸ್ತಿಲ ಮೇಲಿಟ್ಟು, ಮುಚ್ಚಿದ ಬಾಗಿಲಿಗೇ ಕೈಮುಗಿದು ಬಸ್ ಹತ್ತಿದನಂತೆ.

"ಸಿಟ್ಟು ಬರಲಿಲ್ಲೇನೋ?" ಎಂದು ಕೇಳಿದೆ.

"ಯಾಕ ಬರಬೇಕ್ರಿ? ಅವರಿಗೆ ನನ್ನ ಮಾರಿ ನೋಡಾಕ ಆಗವಲ್ದು, ಅದು ಖರೇನ ಐತಿ. ಮಗನ್ನ ಕಳಕೊಂಡಾರ. ಅದಕ್ಕ ಕಾರಣ ಐತಿ."

ಕಾಕಾನಿಗೆ ಕಾರಣವಿತ್ತು. ನನಗೇನಿತ್ತು?