ಉಸ್ತಾದರ ಮೊಣಕಾಲು

ಅವರ ಬಲ ಮೊಣಕಾಲು ಒಲೆಯಿಂದ ಆಗಷ್ಟೇ ಇಳಿಸಿದ ಗಡಿಗೆಯ ಹಾಗಿತ್ತು: ಊದಿ, ಮಿರುಗಿ, ಮುಟ್ಟಿದರೆ ಬಿಸಿ. ಎಡಗಾಲೂ ಹಾಗೇ ಇದ್ದೀತು. ನನ್ನ ನೆನಪು ಬಲಗಾಲನ್ನೇ ಹಿಡಿದುಕೊಂಡಿದೆ, ಯಾಕೆಂದು ಗೊತ್ತಿಲ್ಲ.

ಎಂಬತ್ತರ ದಶಕದ ಕೊನೆ. ಬ್ಯಾಡಗಿಯಲ್ಲಿ ಶಾಲಾ ಮಾಸ್ತರನಾಗಿದ್ದ ನಾನು ಅವರ ಮನೆಯ ಮುಂಗೋಣೆಯಲ್ಲಿ ಬಾಡಿಗೆಗಿದ್ದೆ. ಹಿತ್ತಲಲ್ಲಿ ಗರಡಿ. ಉಸ್ತಾದರು ಕುಸ್ತಿ ಬಿಟ್ಟು ಬಹಳ ವರ್ಷಗಳಾಗಿದ್ದವು, ಕುಸ್ತಿಯ ಕಾಲದ ಊಟ ಮಾತ್ರ ಬಿಟ್ಟಿರಲಿಲ್ಲ. ಮೈ ಬೆಳೆದು, ಕಾಲು ಮಡಚಲಾಗದೆ, ನಮಾಜನ್ನು ಕುರ್ಚಿಯ ಮೇಲೆ ಕೂತು ಮಾಡುತ್ತಿದ್ದರು. ಅದು ಅವರನ್ನು ಒಳಗೇ ತಿನ್ನುತ್ತಿತ್ತು. "ಎಷ್ಟ್ ಮಂದಿಗೆ ಮಣ್ಣು ಮುಕ್ಕಿಸೇನಿ ಮಾಸ್ತರ. ನನ್ನ ಹಣಿ ಒಂದು ನೆಲಕ್ಕ ಹತ್ತವಲ್ದು ನೋಡ್ರಿ."

ರಾಣೆಬೆನ್ನೂರಿನ ಡಾಕ್ಟರ ಬಳಿ ಕರೆದೊಯ್ದೆ. ಅವರು ಮೊಣಕಾಲು ಒತ್ತಿ ನೋಡಿ, "ಬೊಜ್ಜು ಇದ್ದಲ್ಲಿ ಬಾವು ಲಗೂ ಇಳಿಯೂದಿಲ್ಲ. ದಿನಾ ನಡೀರಿ, ಆದ್ರ ಮಾತಾಡ್ಕೋತ ನಡಿಯೂವಷ್ಟ. ಮಾತು ನಿಂತ್ರ ನೀವೂ ನಿಲ್ರಿ. ಗರಡ್ಯಾಗಿನ ಬೈಠಕ್ ಗಿಠಕ್ ಬ್ಯಾಡ," ಎಂದರು.

ಬಸ್ಸಿನಲ್ಲಿ ಉಸ್ತಾದರು ನಕ್ಕರು. "ಮಾತಾಡ್ಕೋತ ಮಾಡೂದು ಕಸರತ್ತೇನ್ರಿ? ಸಂತಿಗೆ ಹೋಗಿ ಬಂದಂಗಾತು."

ಗರಡಿಯವರಿಗೆ ಮೈ ಉರಿದರೆ ಬಲ ಬರುತ್ತಿದೆ ಎಂದೇ ಲೆಕ್ಕ. ಮೊಣಕಾಲಿನ ಕಾವನ್ನೂ ಉಸ್ತಾದರು ಹಾಗೇ ತಿಳಿದಿದ್ದರು: "ಚರಬಿ ಕರಗಾಕತ್ತೈತಿ."

ಆದರೂ ಹೆಂಡತಿಯ ಬೈಗುಳಕ್ಕೆ ಹೆದರಿ ನಡೆದರು. ಸ್ಟೇಷನ್ ರಸ್ತೆಯಲ್ಲಿ ನಾನು ಜೊತೆಗೆ. ಹೊಸ ಮೆಣಸಿನಕಾಯಿ ಬಂದ ದಿನಗಳು. ಘಾಟಿಗೆ ಕೆಮ್ಮುತ್ತ, ಹರಟುತ್ತ ಹೋಗುತ್ತಿದ್ದೆವು. ಚಳಿ ಮುಗಿಯುವ ಹೊತ್ತಿಗೆ ಮೊಣಕಾಲು ತಣ್ಣಗಾಗಿತ್ತು. ಗೋಡೆ ಹಿಡಿದು ಅರ್ಧಕ್ಕೆ ಕುಕ್ಕರಿಸುತ್ತಿದ್ದರು. "ಇನ್ನೊಂದು ಗೇಣು," ಎಂದು ಹೆಂಡತಿ ನೆಲ ತೋರಿಸಿ ಅಂದದ್ದು ನನಗೆ ಕೇಳಿಸಿದೆ. ಅಥವಾ ನಾನೇ ಆಮೇಲೆ ಸೇರಿಸಿಕೊಂಡಿರಬಹುದು.

ದವಾಖಾನೆಯ ಯಂತ್ರ ಅವರ ಭಾರ ತಾಳುತ್ತಿರಲಿಲ್ಲ. ಮೆಣಸಿನಕಾಯಿ ಚೀಲ ತೂಗುವ ಅಡತಿ ಅಂಗಡಿಯ ಕಾಟಾ ಹತ್ತುತ್ತಿದ್ದರು. ಚಳಿ ಮುಗಿದ ಮೇಲೆ ಒಂದು ದಿನ ಹತ್ತಿದಾಗ ಮುಳ್ಳು ಹೆಚ್ಚುಕಡಿಮೆ ಹಳೆಯ ಜಾಗದಲ್ಲೇ ನಿಂತಿತು.

"ಏನ್ ಉಸ್ತಾದ್, ಬಿಸಲಿಗೆ ಹಾಕಿದ್ರ ಕಾಯಿ ಸೈತ ತೂಕ ಇಳಸ್ತಾವು. ನೀವಿನ್ನೂ ಹಸೀನ ಅದೀರಲ್ಲ!" ಎಂದು ಹಮಾಲನೊಬ್ಬ ಕೂಗಿದ. ಎಲ್ಲರೂ ನಕ್ಕರು. ಉಸ್ತಾದರೂ ನಕ್ಕರು.

ಮನೆಯಲ್ಲಿ ಹೆಂಡತಿ, "ತೂಕ ಹಾಳಾಗಿ ಹೋಗ್ಲಿ. ಕಾಲು ಮಡಚಾಕತ್ತೈತಲ್ಲ, ಅದನ್ನ ನೋಡ್ರಿ," ಎಂದರು.

"ಮಾತಾಡಿ ಮಾತಾಡಿ ಚಳಿಗಾಲ ಕಳದ್ನಿ," ಎಂದರು ಅವರು.

ಮರುದಿನ ಲಂಗೋಟಿ ಕಟ್ಟಿ ಗರಡಿಗೆ ಇಳಿದರು. ದಂಡ, ಬೈಠಕ್, ಕಲ್ಲಿನ ಗದೆ. ಮೊಣಕಾಲು ಮತ್ತೆ ಊದಿ ಬಿಸಿಯಾಯಿತು. ಗೋಡೆ ಹಿಡಿದರೂ ಬಗ್ಗಲಾಗಲಿಲ್ಲ. ಆದರೆ ತೂಕ ಇಳಿಯಿತು, ಅದೂ ನಿಜ. ಕಾಟಾ ಅವರ ಪರವಾಗಿ ಸಾಕ್ಷಿ ಹೇಳಿತು. ಇನ್ನಷ್ಟು ಮೈ ದಣಿಸಿದರು.

ಒಂದು ಬೆಳಿಗ್ಗೆ ಗರಡಿಯಲ್ಲಿ ಭಾರದ್ದೇನೋ ಬಿದ್ದ ಸದ್ದಾಯಿತು. ಓಡಿದೆ. ಉಸಿರಿರಲಿಲ್ಲ.

ಉಸ್ತಾದರು ಮುಂದಕ್ಕೆ ಬಾಗಿ, ಹಣೆ ಮಣ್ಣಿಗೆ ಹಚ್ಚಿ, ನಮಾಜಿನಲ್ಲಿದ್ದಂತೆಯೇ ಹೋದರು ಎಂದು ಬ್ಯಾಡಗಿಯಲ್ಲಿ ಹೇಳುವವರಿದ್ದಾರೆ. ಅವರ ಹೆಂಡತಿಯೂ ಕೊನೆಕೊನೆಗೆ ಹಾಗೇ ಹೇಳುತ್ತಿದ್ದರು, ನಾನು ಎದುರಾಡಲಿಲ್ಲ. ಮೊದಲು ನೋಡಿದವನು ನಾನು. ಅವರು ಅಂಗಾತ ಬಿದ್ದಿದ್ದರು. ಎತ್ತಿದಾಗ ಬೆನ್ನ ತುಂಬ ಕೆಂಪು ಮಣ್ಣು ಮೆತ್ತಿತ್ತು. ಹಣೆಯ ಮೇಲೆ ಬೆವರಿತ್ತು, ಮಣ್ಣಿನ ಒಂದು ಕಣವೂ ಇರಲಿಲ್ಲ.