ಬಚ್ಚಲುಮನೆಯಲ್ಲಿ ತಿಮ್ಮಣ್ಣನವರ ದಿಗ್ವಿಜಯ

ಕೊಪ್ಪದ ತಿಮ್ಮಣ್ಣನವರಿಗೆ ತಿಳಿಯದ ವಿದ್ಯೆ ಇನ್ನೂ ಹುಟ್ಟಿಲ್ಲ. ಮಿಕ್ಸಿ ಬಿಚ್ಚಿ ಜೋಡಿಸಿದ ಮೇಲೆ ಉಳಿದ ಸ್ಕ್ರೂಗಳನ್ನು ‘ಕಂಪನಿಯವರು ಸುಮ್ಮನೆ ಹಾಕಿದ್ದು’ ಎಂದು ಡಬ್ಬಿಗೆ ಸೇರಿಸುವ ಮಹಾನುಭಾವರು. ಮದುವೆಯಾದಂದಿನಿಂದ ಹೆಂಡತಿ ದೇವಕಿ ಆ ಡಬ್ಬಿಯನ್ನು ಎರಡು ಸಲ ದೊಡ್ಡದು ಮಾಡಿದ್ದಾರೆ.

ಹಳೆಯ ಬಚ್ಚಲು ಒಡೆಸಿ, ಕಮೋಡೂ ಸ್ನಾನವೂ ಒಂದೇ ಕೋಣೆಯಲ್ಲಿರುವ ಬಾತ್‌ರೂಮು ಕಟ್ಟಿಸುವಾಗ ಈ ವಿದ್ಯೆಗಳೆಲ್ಲ ಒಟ್ಟಿಗೆ ಎದ್ದು ಕುಳಿತವು. ಕಮೋಡು ನೈಋತ್ಯ ಮೂಲೆಯಲ್ಲಿ, ನೀರು ಹೋಗುವ ಜಾಲರಿ ಅದರ ಪಕ್ಕ, ಬಾಗಿಲು ಎದುರಿನ ಈಶಾನ್ಯ ಮೂಲೆಯಲ್ಲಿ.

“ಇಳಿಜಾರು ಯಾವ ಬದಿಗೆ ತಿಮ್ಮಣ್ಣ?” ಎಂದ ಟೈಲ್ಸ್ ಹಾಕುವ ಜಯಪ್ರಕಾಶ್.

“ಎಂತ ಕೇಳ್ತೀಯ ಮಾರಾಯ. ಮನೆಯ ನೀರು ಈಶಾನ್ಯಕ್ಕೇ ಹರೀಬೇಕು. ಶಾಸ್ತ್ರ.”

“ಜಾಲರಿ ಆ ಮೂಲೆಯಲ್ಲಿದೆಯಲ್ಲ?” ದೇವಕಿ ಬಾಗಿಲಿನಿಂದ ಕೇಳಿದರು.

“ಜಾಲರಿ ಎಲ್ಲಾದ್ರೂ ಇರ್ಲಿ. ಶಾಸ್ತ್ರ ಎಲ್ಲಿರ್ಬೇಕೋ ಅಲ್ಲೇ ಇರ್ತದೆ.”

ಜಯಪ್ರಕಾಶನೂ ಸಾಮಾನ್ಯನಲ್ಲ. ಟೈಲ್ಸಿನ ನಾಲ್ಕು ಮೂಲೆಗೆ ನಾಲ್ಕು ಉಂಡೆ ಸಿಮೆಂಟು ಇಟ್ಟು, ನಡುವೆ ಗಾಳಿ ತುಂಬಿ ಕೂರಿಸುವುದು ಅವನ ಘರಾನಾ. ಸಂಜೆ ವಾಲಿಬಾಲ್ ಮ್ಯಾಚಿತ್ತು. ಇಳಿಜಾರು ಈಶಾನ್ಯಕ್ಕೆ ಹೋಯಿತು, ಅವನು ಮೈದಾನಕ್ಕೆ ಹೋದ.

ಕೆಲವೇ ತಿಂಗಳಲ್ಲಿ ಕಮೋಡಿನ ಬುಡ ಒಸರತೊಡಗಿತು. ನೆಲ ಸರಿಯಾಗಿದ್ದರೆ ಆ ಒಸರು ಪಕ್ಕದ ಜಾಲರಿಗೆ ಬಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಅದು ಇಡೀ ಕೋಣೆಗೆ ಪ್ರದಕ್ಷಿಣೆ ಬಂದು ಬಾಗಿಲಲ್ಲಿ ನಿಂತಿತು. ತಿಮ್ಮಣ್ಣನವರು ಬಿಳಿ ಸಿಮೆಂಟು ಕಲಸಿ, ಹೋಳಿಗೆಯ ಕಣಕದಂತೆ ಬುಡಕ್ಕೆ ಸುತ್ತಲೂ ಮೆತ್ತಿದರು. ಬಾಗಿಲು ಒಣಗಿತು. ಊರೆಲ್ಲ ವಿಜಯದ ವಾರ್ತೆ ಕೇಳಿತು. ನೀರು ಮಾತ್ರ ಟೈಲ್ಸಿನ ಅಡಿಯ ಖಾಲಿಗೆ ನುಗ್ಗಿ, ಅಲ್ಲೇ ಬಿಡಾರ ಹೂಡಿ, ವಾರದೊಳಗೆ ಬಾಗಿಲ ಬಳಿಯ ಸಂದಿಯಿಂದ ಮೇಲೆ ಬಂತು.

“ಅದು ಬೇರೆ ನೀರು,” ಎಂದರು ತಿಮ್ಮಣ್ಣನವರು.

ಇಷ್ಟರಲ್ಲಿ ಅಪ್ಪಯ್ಯನ ತಿಥಿ ಬಂತು. ಮಡಿಯಡುಗೆಗೆ ಕಿಗ್ಗದಿಂದ ಬಂದವರು ಅಕ್ಕ ಸೀತಕ್ಕ. ಅವರು ಮಿಂದು ಒಲೆ ಮುಟ್ಟಿದರೆ ಅಡುಗೆ. ಅಡುಗೆಯಾದರೆ ಅಪ್ಪಯ್ಯನಿಗೆ ಪಿಂಡ. ಭಟ್ಟರು ಆಗಲೇ ಜಗಲಿಯಲ್ಲಿ ಕೂತಿದ್ದರು.

ಸೀತಕ್ಕ ಮಿಂದು, ಒದ್ದೆ ಸೀರೆಯಲ್ಲಿ ಹೊರಟು, ಬಾಗಿಲ ಮಡುವಿನೆದುರು ನಿಂತರು.

“ತಿಮ್ಮಾ, ಇದು ಎಲ್ಲಿಯ ನೀರು?”

“ಸ್ನಾನದ್ದೇ ಅಕ್ಕ.”

“ಕಮೋಡಿಂದು ಅತ್ತಿಗೆ,” ಎಂದರು ದೇವಕಿ. ಅವರು ಬಹಳ ದಿನಗಳಿಂದ ಇಂಥದೊಂದು ಪ್ರಶ್ನೆಗೆ ಕಾದಿದ್ದರು.

ಸೀತಕ್ಕ ಹಿಂದೆ ಸರಿದು ಮತ್ತೆ ಮಿಂದರು. ಆ ನೀರೂ ಬಾಗಿಲಿಗೇ ಬಂತು. ಅವರು ಶುದ್ಧವಾದಷ್ಟೂ ಮಡು ಅಗಲವಾಯಿತು.

“ಒಂದು ಹಾರು ಹಾರಿಬಿಡು ಅಕ್ಕ.”

“ಈ ಮಂಡಿ ಇಟ್ಕೊಂಡು? ನೀನು ಎತ್ಕೊಂಡು ಹೋಗ್ತೀಯಾ?”

ತಿಮ್ಮಣ್ಣನವರು ಊಟದ ಮಣೆ ತಂದು ನೀರಿಗೆ ಸೇತುವೆ ಕಟ್ಟಿದರು. ಸೀತಕ್ಕ ಕಾಲಿಟ್ಟರು. ಅಡಿಯ ಪೊಳ್ಳು ಟೈಲ್ಸು ಚಟ್ಟನೆ ಮುರಿದು, ಒಳಗೆ ಶೇಖರವಾಗಿದ್ದ ಅಷ್ಟೂ ತೀರ್ಥ ಅವರ ಪಾದಕ್ಕೆ ಚಿಮ್ಮಿತು. ಭಟ್ಟರು ಜಗಲಿಯಲ್ಲಿ ಕೆಮ್ಮಿದರು.

“ತಿಮ್ಮಾ,” ಸೀತಕ್ಕ ನಿಧಾನವಾಗಿ ಕೇಳಿದರು, “ಬೆಳಿಗ್ಗೆ ನೀನು ಎಲ್ಲಿ ಮಿಂದೆ?”

“ಇಲ್ಲೇ.”

“ಹೊರಗೆ ಬರ್ತಾ ದಾಟಿದ್ದು ಇದೇ ನೀರು?”

ತಿಮ್ಮಣ್ಣನವರ ಶಾಸ್ತ್ರ ಎಲ್ಲಿರಬೇಕೋ ಅಲ್ಲಿ ಇರಲಿಲ್ಲ.

“ಹಂಗಾದ್ರೆ ನಿಂದೂ ಮಡಿ ಅಲ್ಲ. ಇಷ್ಟು ತಿಂಗಳ ಪೂಜೆಯೂ ಅಷ್ಟೇ.”

ದೇವಕಿ ಕಮೋಡಿಗೆ ಹೋಗುವ ನೀರಿನ ವಾಲ್ವು ತಿರುಗಿಸಿ ನಿಲ್ಲಿಸಿದರು. ಆ ಕೆಲಸಕ್ಕೆ ವಿದ್ಯೆಯೇನೂ ಬೇಕಾಗಲಿಲ್ಲ. ಸೀತಕ್ಕನಿಗೆ ಹಿತ್ತಲ ನಲ್ಲಿಯಲ್ಲಿ ಮೀಯಲು ಅಡ್ಡ ಸೀರೆ ಕಟ್ಟಿದರು. ಗಂಡನಿಗೆ ಉಳಿದದ್ದು ಎದುರು ಅಂಗಳದ, ಕಾರು ತೊಳೆಯುವ ಪೈಪು.

ಹೀಗೆ, ಸರ್ವವಿದ್ಯಾಪಾರಂಗತರು ರಸ್ತೆಗೆ ಮುಖ ಮಾಡಿ, ಪಂಚೆಯುಟ್ಟು, ಭಟ್ಟರ ಸಮಕ್ಷಮದಲ್ಲಿ ಮಿಂದರು. ಬೈಕಿನಲ್ಲಿ ಹೋಗುತ್ತಿದ್ದ ಜಯಪ್ರಕಾಶ್ ನಿಧಾನ ಮಾಡಿದ.

“ಎಂತ ತಿಮ್ಮಣ್ಣ, ಬಾತ್‌ರೂಮು ಚೆಂದ ಉಂಟಲ್ಲ, ಇಲ್ಲೆಂತಕ್ಕೆ?”

“ನಾಳೆ ಹಾರೆ ತಗೊಂಡು ಬಾ,” ಉತ್ತರ ಒಳಗಿನಿಂದ, ದೇವಕಿಯವರದು. “ಇಳಿಜಾರು ಜಾಲರಿ ಬದಿಗೆ. ನನ್ನನ್ನೇ ಕೇಳು.”

ತಿಮ್ಮಣ್ಣನವರು ಏನೋ ಹೇಳಲು ಬಾಯಿ ತೆರೆದರು. ಪೈಪಿನ ನೀರು ಬಾಯಿಗೆ ಹೋಯಿತು. ಉಳಿದ ನೀರು ಎಲ್ಲೂ ನಿಲ್ಲದೆ ಅಂಗಳ ದಾಟಿ, ನೈಋತ್ಯದ ಚರಂಡಿಗೆ ಇಳಿಯಿತು.